ಎದೆಯುರಿಯ ಮಾತು, ಎಂಡೋಸ್ಕೋಪಿಯ ಕಣ್ಣು



ವರ್ಷಕ್ಕೊಮ್ಮೆ ಆರೋಗ್ಯದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಿಸಬೇಕು ಎಂಬುದು, ತಂದೆಯವರ ನೆನಪಿಗೆ ಒಂದು ಕುಟುಂಬ ಇರಿಸಿದ ಈ ಉಪನ್ಯಾಸ ದತ್ತಿಯ ಆಶಯ. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದಾಗ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಜೀರ್ಣಾಂಗಗಳ ವೈದ್ಯನಾದ ನನ್ನ ಕೊಠಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅತಿ ಹೆಚ್ಚು ಸಲ ಕೇಳಿಬರುವ ಮಾತು, "ಡಾಕ್ಟ್ರೇ, ನಂಗೆ ಗ್ಯಾಸ್ಟ್ರಿಕ್ ಇದೆ."

ಗ್ಯಾಸ್ಟ್ರಿಕ್ ಎಂದರೆ ಇಂಗ್ಲಿಷಿನಲ್ಲಿ ಜಠರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ನಮ್ಮಲ್ಲಿ ಅದೇ ಒಂದು ಕಾಯಿಲೆಯ ಹೆಸರಾಗಿಬಿಟ್ಟಿದೆ. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ, ತಲೆ ಸುತ್ತಿದರೆ, ಬೆರಳು ಜೋಮು ಹಿಡಿದರೂ ಗ್ಯಾಸ್ಟ್ರಿಕ್. ಈ ಒಂದು ಮಾತು ಬರುವ ಮುಂಚೆ ನಮ್ಮ ಮನೆಗಳಲ್ಲಿ ಎಷ್ಟು ನಿಖರವಾದ ಮಾತುಗಳಿದ್ದವು! ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಹೊಟ್ಟೆ ತೊಳಸು, ಓಕರಿಕೆ, ಹಸಿವಾಗದಿರುವುದು, ಗಂಟಲಲ್ಲಿ ತುತ್ತು ನಿಲ್ಲುವುದು. ಇವು ಬೇರೆ ಬೇರೆ ತೊಂದರೆಗಳು, ಬೇರೆ ಬೇರೆ ಕಾಯಿಲೆಗಳತ್ತ ಕೈ ತೋರಿಸುವಂಥವು. ಒಂದೇ ಮಾತಿನಲ್ಲಿ ಅವನ್ನೆಲ್ಲ ಕಟ್ಟಿಹಾಕಿದಾಗ ರೋಗಿಗೂ ವೈದ್ಯನಿಗೂ ನಷ್ಟವೇ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಜಠರದ ಆಮ್ಲ ಮೇಲಕ್ಕೆ ಬರುವ ಆಸಿಡ್ ರಿಫ್ಲಕ್ಸ್ ಎಂಬ ಕಾಯಿಲೆಯನ್ನು ಕಂಡುಹಿಡಿಯಲು ರೋಗಿಯ ಮಾತೂ ಬೇಕು, ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯ ಕಣ್ಣೂ ಬೇಕು. ಮಾತನ್ನು ಕೇಳದೆ ನೋಡುವ ಕಣ್ಣು ದಾರಿ ತಪ್ಪುತ್ತದೆ. ನೋಡಬೇಕಾದ ಹೊತ್ತಿನಲ್ಲಿ ನೋಡದೆ ಮಾತನ್ನೇ ನಂಬಿ ಕುಳಿತರೂ ಅಪಾಯ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಬಾಯಿಂದ ಜಠರಕ್ಕೆ ಅನ್ನ ಇಳಿಸುವ ಕೊಳವೆ ಅನ್ನನಾಳ. ಉದ್ದ ಸುಮಾರು 25 ಸೆಂಟಿಮೀಟರ್. ಅದು ಜಠರ ಸೇರುವಲ್ಲಿ ಬಿಗಿದುಕೊಳ್ಳುವ ಒಂದು ಸ್ನಾಯುವಿನ ಉಂಗುರವಿದೆ, ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಹೊರಗಿನಿಂದ ಅದಕ್ಕೆ ಆಸರೆ ಕೊಡುತ್ತದೆ. ನುಂಗಿದಾಗ ಬಾಗಿಲು ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಹೊಟ್ಟೆ ತುಂಬಿದಾಗ ತೇಗು ಹೊರಗೆ ಬಿಡಲು ನುಂಗದೆಯೂ ಆಗಾಗ ಸಡಿಲವಾಗುತ್ತದೆ. ಆ ಸಂದಿನಲ್ಲಿ ಒಂದಿಷ್ಟು ಆಮ್ಲ ಮೇಲಕ್ಕೆ ಬರುವುದು ಎಲ್ಲರಲ್ಲೂ ಉಂಟು, ಅದು ಕಾಯಿಲೆಯಲ್ಲ. ಬಾಗಿಲು ಪದೇ ಪದೇ ಸಡಿಲಗೊಂಡರೆ, ಜಠರದ ಮೇಲ್ಭಾಗ ವಪೆಯ ತೂತಿನಿಂದ ಎದೆಯೊಳಕ್ಕೆ ಜಾರಿದ್ದರೆ, ಬೊಜ್ಜು ಅಥವಾ ಗರ್ಭ ಕೆಳಗಿನಿಂದ ಒತ್ತುತ್ತಿದ್ದರೆ, ಮೇಲೆ ಬಂದ ಆಮ್ಲ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಆಮ್ಲವನ್ನು ತಡೆದುಕೊಳ್ಳುವ ಲೋಳೆಯ ಕವಚ ಜಠರಕ್ಕಿದೆ, ಅನ್ನನಾಳಕ್ಕೆ ಅಂಥದ್ದು ಇಲ್ಲ. ಹಾಗೆ ಮೇಲೆ ಬಂದದ್ದು ಕಾಡುವ ತೊಂದರೆಯನ್ನೋ ಹಾನಿಯನ್ನೋ ಉಂಟುಮಾಡಿದರೆ ಮಾತ್ರ ಅದನ್ನು ರಿಫ್ಲಕ್ಸ್ ಕಾಯಿಲೆ ಎನ್ನಬೇಕು ಎಂದು ಜಗತ್ತಿನ ತಜ್ಞರು 2006ರ ಮಾಂಟ್ರಿಯಲ್ ವ್ಯಾಖ್ಯೆಯಲ್ಲಿ ಒಪ್ಪಿಕೊಂಡರು.

ನಮ್ಮ ಹಿಂದಿನವರಿಗೆ ಈ ತೊಂದರೆ ಗೊತ್ತಿರಲಿಲ್ಲವೆಂದಲ್ಲ. ಮಾಧವನಿದಾನದಲ್ಲಿ ಆಮ್ಲಪಿತ್ತಕ್ಕೆ ಒಂದು ಅಧ್ಯಾಯವೇ ಇದೆ. ಹುಳಿಕಹಿ ತೇಗು, ಎದೆ ಗಂಟಲುಗಳ ಉರಿ ಅದರಲ್ಲಿ ದಾಖಲಾಗಿವೆ, ಮೇಲ್ಮುಖವಾಗಿ ಹೋಗುವುದು, ಕೆಳಮುಖವಾಗಿ ಹೋಗುವುದು ಎಂಬ ಎರಡು ಬಗೆಗಳೂ ಇವೆ. ಆಧುನಿಕ ವೈದ್ಯಶಾಸ್ತ್ರ ಈ ವಿಷಯಕ್ಕೆ ಬಂದದ್ದು ತಡವಾಗಿ. ಜಠರದ ರಸವೇ ಅನ್ನನಾಳವನ್ನು ಸುಡಬಲ್ಲದು ಎಂದು ನ್ಯೂಯಾರ್ಕಿನ ಆಷರ್ ವಿಂಕಲ್‌ಸ್ಟೈನ್ ಒಂದು ಹೊಸ ಕಾಯಿಲೆಯಾಗಿ ಬರೆದದ್ದು 1935ರಲ್ಲಿ.

ಈಗ ಮಾತಿಗೆ ಬರುತ್ತೇನೆ. ಎದೆಯುರಿ ಎಂದವರಿಗೆ ನಾನು ಮೊದಲು ಹೇಳುವುದು, "ಎಲ್ಲಿ ಅಂತ ಕೈಯಲ್ಲಿ ತೋರಿಸಿ." ರಿಫ್ಲಕ್ಸ್ ಇರುವವರ ಅಂಗೈ ಸಾಮಾನ್ಯವಾಗಿ ಹೊಟ್ಟೆಯ ಮೇಲ್ಭಾಗದಿಂದ ಎದೆಯ ನಡುಮೂಳೆಯ ಗುಂಟ ಗಂಟಲಿನತ್ತ ಏರುತ್ತದೆ. ಯಾವಾಗ ಎಂದು ಕೇಳಿದರೆ, ಹೊಟ್ಟೆ ತುಂಬ ಉಂಡ ಮೇಲೆ, ಬಗ್ಗಿ ಕಸ ಗುಡಿಸುವಾಗ, ಉಂಡ ಕೂಡಲೇ ಮಲಗಿದಾಗ. ಇನ್ನು ಕೆಲವರು ರಾತ್ರಿ ಹುಳಿನೀರು ಬಾಯಿಗೆ ಬಂದು ಎದ್ದು ಕೂರುತ್ತಾರೆ. ಎದೆಯುರಿ ಮತ್ತು ಹುಳಿ ಮೇಲೆ ಬರುವುದು, ಇವೆರಡೇ ಈ ಕಾಯಿಲೆಯ ಖಾಸಾ ಲಕ್ಷಣಗಳು. ಭಾರತೀಯ ಜಠರಕರುಳು ವೈದ್ಯರ ಸಂಘದ ಕಾರ್ಯಪಡೆ ನಮ್ಮ ದೇಶದ ಹಲವು ಊರುಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಇವುಗಳಲ್ಲಿ ಒಂದಾದರೂ ಬರುವವರು ಶೇ. 7.6ರಷ್ಟಿದ್ದರು. ಅಂದರೆ ಈ ಸಭಾಂಗಣದ ಪ್ರತಿ ಸಾಲಿನಲ್ಲೂ ಒಬ್ಬರು ಇರಬಹುದು.

ಅಂಗೈ ಏರದೆ, ಮುಷ್ಟಿ ಎದೆಯ ಮೇಲೆ ಕೂತರೆ ನಾನು ಎಚ್ಚರಗೊಳ್ಳುತ್ತೇನೆ. ಒತ್ತಿ ಹಿಡಿದಂಥ ನೋವು, ಮೆಟ್ಟಿಲು ಹತ್ತಿದಾಗ ಹೆಚ್ಚಾಗಿ ನಿಂತಾಗ ಕಡಿಮೆಯಾಗುವುದು, ತೋಳಿಗೋ ದವಡೆಗೋ ಹರಡುವುದು, ಜೊತೆಗೆ ಬೆವರು, ಇವು ಹೃದಯದ ಮಾತುಗಳು. ಸೋಡಾ ಕುಡಿದು ತೇಗು ಬಂದ ಮೇಲೆ ಹಗುರವಾಯಿತು ಎಂಬ ಕಾರಣಕ್ಕೆ ಅದು ಗ್ಯಾಸ್ಟ್ರಿಕ್ಕೇ ಎಂದು ತೀರ್ಮಾನಿಸಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಬರೀ ಹೊಟ್ಟೆಯ ಸಂಕಟದಂತೆಯೂ ಬರಬಹುದು. ಎದೆಯ ವಿಷಯದಲ್ಲಿ ಅನುಮಾನವಿದ್ದರೆ ಮೊದಲು ಇಸಿಜಿ, ಆಮೇಲೆ ಉಳಿದದ್ದು. ಎಂಡೋಸ್ಕೋಪಿ ನಾಳೆಗೆ ಕಾಯಬಲ್ಲದು.

ಇನ್ನು ಕೆಲವು ಮಾತುಗಳು ಕಿವಿಗೆ ಬಿದ್ದರೆ ಗುಳಿಗೆ ಬರೆದು ಕಳಿಸುವಂತಿಲ್ಲ, ಕೊಳವೆ ಇಳಿಸಿ ನೋಡಲೇಬೇಕು. ನುಂಗಲು ಕಷ್ಟ, ನುಂಗಿದರೆ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಗಾದ ಮಲ, ರಕ್ತಹೀನತೆ, ನಿಲ್ಲದ ವಾಂತಿ. ಇವನ್ನು ನಾವು ಅಪಾಯದ ಗುರುತುಗಳು ಎನ್ನುತ್ತೇವೆ.

ನುಂಗಲು ಕಷ್ಟ ಎಂಬುದನ್ನು ನಮ್ಮ ಜನ ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ನನಗೆ ಕಲಿಸಿದವರು ಮಂಡ್ಯದ ಕಡೆಯ ಒಬ್ಬ ಹಿರಿಯ ಹೆಂಗಸು. ಹತ್ತಾರು ವರ್ಷದಿಂದ ಎದೆಯುರಿ, ಮೆಡಿಕಲ್ ಶಾಪಿನಿಂದ ಬೇಕಾದಾಗ ಗುಳಿಗೆ ತಂದು ನುಂಗುತ್ತಿದ್ದರು. ಹಿಂದೆ ತೋರಿಸಿದ ಕಡೆಯ ಚೀಟಿಗಳಲ್ಲೆಲ್ಲ ಬರೆದದ್ದು ಒಂದೇ, ಗ್ಯಾಸ್ಟ್ರಿಕ್. ನುಂಗಲು ಕಷ್ಟವಾಗುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಏಳುವ ಹೊತ್ತಿಗೆ ಸೊಸೆ, "ಅತ್ತೆ ಈಗೀಗ ಮುದ್ದೆ ಉಣ್ಣೋದೇ ಬಿಟ್ಟವ್ರೆ" ಎಂದಳು. ಏಕಮ್ಮ ಎಂದೆ. "ಮುದ್ದೆ ಎದೇಲಿ ನಿಲ್ತದೆ ಕಣಪ್ಪ, ಅದ್ಕೆ ಅನ್ನ ಕಲಸ್ಕೊಂಡು ಉಣ್ತೀನಿ. ಈಗ ಅದೂ ಗಂಜಿ ಮಾಡ್ಕೊಬೇಕು." ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮಾಡಿ ನುಂಗುತ್ತೇವೆ. ಅನ್ನನಾಳ ಕಿರಿದಾಗುತ್ತ ಬಂದರೆ ಮುದ್ದೆಗೇ ಮೊದಲು ದಾರಿ ಸಾಲದೆ ಹೋಗುವುದು. ಆಮೇಲೆ ಅನ್ನ, ಆಮೇಲೆ ಗಂಜಿ. ಆ ತಾಯಿ ತಮಗೆ ತಿಳಿಯದಂತೆಯೇ ತಮ್ಮ ಕಾಯಿಲೆಯ ಚರಿತ್ರೆಯನ್ನು ಊಟದ ತಟ್ಟೆಯಲ್ಲಿ ಬರೆದಿಟ್ಟಿದ್ದರು. ಅಂದಿನಿಂದ ನಾನು ನುಂಗಲು ಕಷ್ಟವೇ ಎಂದು ಕೇಳುವುದಿಲ್ಲ. "ಮುದ್ದೆ ಇಳಿಯುತ್ತಾ? ಮೊದಲು ಉಣ್ಣುತ್ತಿದ್ದದ್ದು ಏನು ಬಿಟ್ಟಿದ್ದೀರಿ?" ಎಂದು ಕೇಳುತ್ತೇನೆ. ಬಡಗಣದವರಾದರೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದು ಯಾವಾಗಿನಿಂದ ಎಂದು ವಿಚಾರಿಸುತ್ತೇನೆ. ಮಂಡ್ಯದ ಆ ತಾಯಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಅಪಾಯದ ಗುರುತು ಒಂದೂ ಇಲ್ಲ, ಎದೆಯುರಿ ಮತ್ತು ಹುಳಿ ಮೇಲೆ ಬರುವುದು ಸ್ಪಷ್ಟವಾಗಿದೆ ಎಂದಾದರೆ ಎಲ್ಲರಿಗೂ ಎಂಡೋಸ್ಕೋಪಿ ಬೇಕಿಲ್ಲ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಗುಳಿಗೆಯನ್ನು ದಿನಕ್ಕೊಂದರಂತೆ 8 ವಾರ ಕೊಟ್ಟು ನೋಡುವುದು ಸರಿಯಾದ ಮೊದಲ ಹೆಜ್ಜೆ. ಇದನ್ನು ತಿಂಡಿಗೆ 30ರಿಂದ 60 ನಿಮಿಷ ಮುಂಚೆ ತೆಗೆದುಕೊಳ್ಳಬೇಕು. ಊಟದಿಂದ ಎಚ್ಚೆತ್ತು ಕೆಲಸಕ್ಕಿಳಿದ ಜೀವಕೋಶಗಳ ಮೇಲೆ ಮಾತ್ರ ಈ ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಊಟ ಮಾಡಿ ಮಲಗುವ ಮುಂಚೆ ನುಂಗಿ, ಗುಣವಾಗಲಿಲ್ಲ ಎಂದು ಬರುವವರು ಎಷ್ಟೋ ಮಂದಿ. ತೊಂದರೆ ಹೋದರೆ ಗುಳಿಗೆ ನಿಲ್ಲಿಸಿ ನೋಡಬೇಕು. ಹೋಗದಿದ್ದರೆ, ಅಥವಾ ನಿಲ್ಲಿಸಿದ ಕೂಡಲೇ ಮರಳಿದರೆ, ಆಗ ಎಂಡೋಸ್ಕೋಪಿ. ಒಂದು ಮಾತು ನೆನಪಿರಲಿ, ಗುಳಿಗೆಗೆ ಹಗುರವಾಯಿತು ಎಂದ ಮಾತ್ರಕ್ಕೆ ರಿಫ್ಲಕ್ಸ್ ಎಂದು ಖಚಿತವಾಗುವುದಿಲ್ಲ. ಹುಣ್ಣಿನ ನೋವೂ ಅದಕ್ಕೆ ತಗ್ಗುತ್ತದೆ. ಬರೀ ಕೆಮ್ಮು, ಬರೀ ದನಿ ಒಡೆಯುವುದು ಇದ್ದು ಎದೆಯುರಿ ಇಲ್ಲದವರಿಗೆ ತಿಂಗಳುಗಟ್ಟಲೆ ಗುಳಿಗೆ ಕೊಡುವುದಕ್ಕಿಂತ ಮೊದಲು ಪರೀಕ್ಷೆ ಮಾಡುವುದೇ ಮೇಲು.

ಇನ್ನು ಕಣ್ಣಿನ ಕಥೆ. ಬದುಕಿರುವ ಮನುಷ್ಯನ ಜಠರದೊಳಕ್ಕೆ ಇಣುಕುವುದು ಸುಲಭದ ಕನಸಾಗಿರಲಿಲ್ಲ. 1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಅದಕ್ಕೆ ಒಬ್ಬ ಕತ್ತಿ ನುಂಗುವವನ ನೆರವು ಪಡೆದರು. ಕತ್ತಿ ಇಳಿಯುವ ದಾರಿಯಲ್ಲಿ ನೇರವಾದ ಲೋಹದ ಕೊಳವೆಯನ್ನೂ ಇಳಿಸಬಹುದು ಎಂದು ತೋರಿಸಿದರು. ಆದರೆ ಬೆಳಕು ಸಾಲಲಿಲ್ಲ. 1932ರಲ್ಲಿ ರುಡಾಲ್ಫ್ ಷಿಂಡ್ಲರ್ ತುದಿಯಲ್ಲಿ ಬಾಗುವ ಕೊಳವೆ ತಂದರು. ದಾರಿ ತೆರೆದದ್ದು ಮಾತ್ರ ಗಾಜಿನ ಎಳೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಂದಿಗೆ ದುಡಿದು, ಬಾಗಿಸಿದ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದು ಎಂದು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಷೊವಿಟ್ಸ್ ಲಂಡನ್ನಿಗೆ ಹೋಗಿ ಅವರನ್ನು ಕಂಡರು, ಅಮೆರಿಕದ ಮಿಷಿಗನ್ನಿನಲ್ಲಿ ಸಂಗಡಿಗರೊಂದಿಗೆ ಬಾಗುವ ಎಂಡೋಸ್ಕೋಪ್ ಕಟ್ಟಿದರು. 1957ರಲ್ಲಿ ಅದನ್ನು ಮೊದಲು ಇಳಿಸಿಕೊಂಡದ್ದು ತಮ್ಮ ಗಂಟಲಿಗೇ. ಕಪಾನಿಯವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂದದ್ದು 2021ರಲ್ಲಿ. ಇಂದು ನಾವು ಬಳಸುವ ಕೊಳವೆಯ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದೆ, ದಪ್ಪ ಹೆಚ್ಚೆಂದರೆ ಕಿರುಬೆರಳಿನಷ್ಟು.

ಎಂಡೋಸ್ಕೋಪಿ ಎಂದರೆ ಹೆದರುವವರು ಬಹಳ. ಹೇಗಿರುತ್ತದೆ ಎಂದು ಹೇಳುತ್ತೇನೆ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸುತ್ತೇವೆ. ಎಡಮಗ್ಗುಲಾಗಿ ಮಲಗಿ, ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಬಳೆ ಕಚ್ಚಿಕೊಳ್ಳಬೇಕು. ಕೊಳವೆ ಗಂಟಲು ದಾಟುವಾಗ ಒಂದು ಕ್ಷಣ ಓಕರಿಕೆ ಬರುತ್ತದೆ, ಉಸಿರಿಗೆ ಅಡ್ಡಿಯಿಲ್ಲ, ಉಸಿರಿನ ದಾರಿ ಬೇರೆ. ಬೇಕೆಂದವರಿಗೆ ಮಂಪರಿನ ಇಂಜೆಕ್ಷನ್ ಇದೆ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಪರದೆಯ ಮೇಲೆ ಮೊದಲು ಕಾಣುವುದು ಅನ್ನನಾಳದ ಮುತ್ತಿನ ಬಣ್ಣದ, ನುಣುಪಾದ ಗೋಡೆ. ಹಲ್ಲಿನ ಸಾಲಿನಿಂದ ಸುಮಾರು 40 ಸೆಂಟಿಮೀಟರ್ ಇಳಿದಾಗ ಆ ಬಣ್ಣ ನಿಂತು, ಜಠರದ ಕೆಂಪು ಬಣ್ಣ ಶುರುವಾಗುತ್ತದೆ. ಎರಡರ ನಡುವೆ ಅಂಕುಡೊಂಕಾದ ಒಂದು ಗೆರೆ. ರಿಫ್ಲಕ್ಸಿನ ಸಾಕ್ಷಿ ಇರುವುದು ಆ ಗೆರೆಯ ಆಸುಪಾಸಿನಲ್ಲಿ. ಅಲ್ಲಿಂದ ಮೇಲಕ್ಕೆ, ಮಡಿಕೆಯ ಏಣಿನ ಮೇಲೆ, ಉಗುರಿನಿಂದ ಗೀರಿದಂತೆ ಕೆಂಪು ಗಾಯ, ನಡುವೆ ಬಿಳಿ ಪೊರೆ. 1994ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೇರಿದ ತಜ್ಞರು ಇವುಗಳಿಗೆ ನಾಲ್ಕು ದರ್ಜೆಗಳನ್ನು ಮುಂದಿಟ್ಟರು. ಗಾಯ 5 ಮಿಲಿಮೀಟರ್ ಒಳಗಿದ್ದರೆ ಎ. ಅದಕ್ಕಿಂತ ಉದ್ದವಿದ್ದು ಮಡಿಕೆಯಿಂದ ಮಡಿಕೆಗೆ ಕೂಡಿಕೊಳ್ಳದಿದ್ದರೆ ಬಿ. ಮಡಿಕೆಗಳ ನಡುವೆ ಕೂಡಿಕೊಂಡು, ಸುತ್ತಳತೆಯ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಸಿ. ಮುಕ್ಕಾಲು ಅಥವಾ ಅದಕ್ಕೂ ಹೆಚ್ಚು ಸುತ್ತಿದರೆ ಡಿ. ಸಿ ಮತ್ತು ಡಿ ಕಂಡರೆ ಕಾಯಿಲೆ ಖಚಿತ. ಬಿ ಕೂಡ ಸಾಕು ಎನ್ನುವುದು ಲಿಯಾನ್ ಒಮ್ಮತ ಎಂಬ ತಜ್ಞರ ಒಪ್ಪಂದದ ಈಚಿನ ಪರಿಷ್ಕರಣೆ. ಎ ಮಾತ್ರ ಆರೋಗ್ಯವಂತರಲ್ಲೂ ಕಾಣುವಂಥದ್ದು, ಅದೊಂದನ್ನೇ ಹಿಡಿದು ಜೀವನಪೂರ್ತಿ ಗುಳಿಗೆ ಬರೆಯಬಾರದು.

ನಿಮ್ಮ ಫೈಲಿನಲ್ಲಿರುವ ವರದಿಯನ್ನು ಮನೆಗೆ ಹೋಗಿ ತೆಗೆದು ನೋಡಿ. ಸಡಿಲ ಬಾಗಿಲು, ಜಠರದ ಕೆಳಭಾಗದಲ್ಲಿ ಸ್ವಲ್ಪ ಕೆಂಪು ಎಂಬ ಅರ್ಥದ ಮಾತುಗಳು ಎಷ್ಟೋ ವರದಿಗಳಲ್ಲಿ ಇರುತ್ತವೆ. ಅವೇ ರಿಫ್ಲಕ್ಸ್ ಕಾಯಿಲೆಯ ಸಾಕ್ಷಿಯಲ್ಲ. ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿದರೆ ಅದು ಹುಣ್ಣಿಗೆ ಕಾರಣವಾಗಬಹುದು, ಎದೆಯುರಿಗೆ ಅದನ್ನೇ ಹೊಣೆ ಮಾಡುವಂತಿಲ್ಲ.

ವರ್ಷಗಟ್ಟಲೆ ಸುಟ್ಟ ಅನ್ನನಾಳ ಕೆಲವರಲ್ಲಿ ತನ್ನ ಒಳಪದರವನ್ನೇ ಬದಲಿಸಿಕೊಳ್ಳುತ್ತದೆ. ಮುತ್ತಿನ ಬಣ್ಣದ ಜಾಗಕ್ಕೆ ಕೆಂಪು ನಾಲಗೆಗಳು ಏರಿರುತ್ತವೆ. 1950ರಲ್ಲಿ ಇದರ ಬಗ್ಗೆ ಬರೆದ ನಾರ್ಮನ್ ಬ್ಯಾರೆಟ್ ಹೆಸರೇ ಇದಕ್ಕೆ ಉಳಿದಿದೆ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಇದನ್ನು ಖಚಿತಪಡಿಸಬೇಕು. ಇದು ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ವರ್ಷಕ್ಕೆ ಬಹಳ ಕಡಿಮೆ, ಆದರೂ ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಅನ್ನನಾಳದ ಕ್ಯಾನ್ಸರ್ ಬಹುಪಾಲು ಬೇರೆಯ ಬಗೆಯದು, ತಂಬಾಕು, ಅಡಿಕೆ, ಮದ್ಯಗಳ ಜೊತೆ ನಂಟಿರುವಂಥದ್ದು. ಎದೆಯುರಿಗೆ ಗುಳಿಗೆ ನುಂಗಿ ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವವರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಈಗ ಕಣ್ಣಿಗೆ ಏನೂ ಕಾಣದ ಸಂದರ್ಭ. ಎದೆಯುರಿ ಇದ್ದು ಎಂಡೋಸ್ಕೋಪಿ ಮಾಡಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಾಯವೇ ಕಾಣುವುದಿಲ್ಲ. ವೃತ್ತಿಯ ಆರಂಭದ ದಿನಗಳಲ್ಲಿ ನಾನು ಒಬ್ಬ ಶಿಕ್ಷಕಿಗೆ ಎಂಡೋಸ್ಕೋಪಿ ಮುಗಿಸಿ, "ಏನೂ ಇಲ್ಲಮ್ಮ, ಎಲ್ಲ ನಾರ್ಮಲ್, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದ್ದೆ. ಗುಳಿಗೆ ನುಂಗುತ್ತಲೇ ಪರೀಕ್ಷೆಗೆ ಬಂದಿದ್ದರು ಎಂಬುದನ್ನು ನಾನು ಕೇಳಿರಲಿಲ್ಲ. ಗುಳಿಗೆ ಗಾಯವನ್ನು ಮಾಯಿಸಿಬಿಡುತ್ತದೆ. ಆದ್ದರಿಂದಲೇ ರೋಗನಿರ್ಣಯಕ್ಕಾಗಿ ಮಾಡುವ ಎಂಡೋಸ್ಕೋಪಿಗೆ 2ರಿಂದ 4 ವಾರ ಮೊದಲು, ವೈದ್ಯರು ಹೇಳಿದಂತೆ, ಅದನ್ನು ನಿಲ್ಲಿಸಿರಬೇಕು. ಒಂದು ವರ್ಷದ ಮೇಲೆ ಅವರು ಮತ್ತೆ ಬಂದರು. ನಾರ್ಮಲ್ ಎಂದ ಮೇಲೆ ಮನೆಯವರು ಅವರ ನೋವನ್ನು ನಂಬುವುದನ್ನೇ ಬಿಟ್ಟಿದ್ದರಂತೆ. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅಂಥವರಿಗೆ ಆಮ್ಲವನ್ನೇ ಅಳೆಯುವ ಪರೀಕ್ಷೆ ಇದೆ. 24 ಗಂಟೆ ಆಮ್ಲ ಅಳೆದು ಅಂಕ ಕೊಡುವ ಕ್ರಮವನ್ನು 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ರೂಪಿಸಿದರು. ಮೂಗಿನ ಮೂಲಕ ಇಳಿಸಿದ ತೆಳು ತಂತಿಯಿಂದಲೋ, ಅನ್ನನಾಳದ ಗೋಡೆಗೆ ಅಂಟಿಸಿದ ಪುಟ್ಟ ಕ್ಯಾಪ್ಸೂಲಿನಿಂದ 96 ಗಂಟೆಯವರೆಗೋ, ಪಿಎಚ್ 4ಕ್ಕಿಂತ ಕೆಳಗೆ ಎಷ್ಟು ಹೊತ್ತು ಇತ್ತು ಎಂದು ನೋಡುತ್ತೇವೆ. ದಿನದ ಶೇ. 4ಕ್ಕಿಂತ ಕಡಿಮೆಯಾದರೆ ಸಹಜ. ಶೇ. 6ಕ್ಕಿಂತ ಹೆಚ್ಚು, ಅಂದರೆ ದಿನಕ್ಕೆ ಸುಮಾರು ಒಂದೂವರೆ ಗಂಟೆ ಆಮ್ಲದಲ್ಲಿ ನೆಂದರೆ, ಕಾಯಿಲೆ ಖಚಿತ. ಶಿಕ್ಷಕಿಯವರ ಅಂಕಿ ಆ ಗೆರೆಯನ್ನು ದಾಟಿತ್ತು. ಅವರ ಮಾತು ನಿಜವಾಗಿತ್ತು, ನನ್ನ ಕಣ್ಣು ಸಾಲದಾಗಿತ್ತು.

ಅಂಕಿ ಸಹಜವಾಗಿ ಬಂದವರ ನೋವೂ ಸುಳ್ಳಲ್ಲ. ಕೆಲವರ ಅನ್ನನಾಳದ ನರಗಳು ಅತಿ ಸೂಕ್ಷ್ಮವಾಗಿರುತ್ತವೆ, ಸಹಜ ಪ್ರಮಾಣದ ಆಮ್ಲವೂ ಅವರಿಗೆ ಬೆಂಕಿಯಾಗುತ್ತದೆ. ಅವರಿಗೆ ಆಮ್ಲ ತಗ್ಗಿಸುವ ಗುಳಿಗೆಯನ್ನು ಇನ್ನಷ್ಟು ಕೊಡುವುದರಿಂದ ಪ್ರಯೋಜನವಿಲ್ಲ, ನರಗಳನ್ನು ಶಾಂತಗೊಳಿಸುವ ಬೇರೆ ಮದ್ದುಗಳಿವೆ. ಉಂಡದ್ದು ಹುಳಿಯಾಗದೆ, ಜೀರ್ಣವಾಗದೆ ಹಾಗೇ ಬಾಯಿಗೆ ಬಂದರೆ ಬಾಗಿಲು ತೆರೆಯದಿರುವ ಅಕಲೇಸಿಯ ಎಂಬ ಬೇರೆ ಕಾಯಿಲೆಯನ್ನು ನೆನೆಯಬೇಕು. ಗುಟುಕು ನೀರಿಲ್ಲದೆ ಗುಳಿಗೆ ನುಂಗಿ ಕೂಡಲೇ ಮಲಗಿದವರಲ್ಲಿ ಆ ಗುಳಿಗೆಯೇ ಅಂಟಿಕೊಂಡು ಗಾಯ ಮಾಡಿರಬಹುದು. ಇವೆಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು ನಡೆಯುತ್ತಿದೆ.

ಹಾಗಾದರೆ ನೀವು ಮಾಡಬೇಕಾದ್ದೇನು? ಮುಂದಿನ ಸಲ ವೈದ್ಯರ ಮುಂದೆ ಕೂತಾಗ ಗ್ಯಾಸ್ಟ್ರಿಕ್ ಎಂಬ ಮಾತನ್ನು ಬಾಗಿಲ ಹೊರಗೇ ಬಿಟ್ಟು ಬನ್ನಿ. ಎಲ್ಲಿ ಉರಿಯುತ್ತದೆ ಎಂದು ಕೈಯಲ್ಲಿ ತೋರಿಸಿ. ಯಾವಾಗ, ಏನು ಮಾಡಿದಾಗ, ವಾರಕ್ಕೆ ಎಷ್ಟು ಸಲ ಎಂದು ಹೇಳಿ. ಈಗಾಗಲೇ ಯಾವ ಗುಳಿಗೆ ನುಂಗುತ್ತಿದ್ದೀರಿ, ಊಟಕ್ಕೆ ಮುಂಚೆಯೋ ಆಮೇಲೋ, ಚೀಟಿಯಲ್ಲಿ ಬರೆದು ತನ್ನಿ. ಊಟದಲ್ಲಿ ಏನು ಬಿಟ್ಟಿದ್ದೀರಿ ಎಂಬುದನ್ನು ಮರೆಯದೆ ಹೇಳಿ. ಇಲ್ಲಿರುವ ವೈದ್ಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ, ಕೊಳವೆ ಕೈಗೆತ್ತಿಕೊಳ್ಳುವ ಮುಂಚೆ ಎರಡು ನಿಮಿಷ ಕೇಳಿ, ವರದಿಯಲ್ಲಿ ನಾರ್ಮಲ್ ಎಂದು ಬರೆದ ಮೇಲೆ ಇನ್ನೆರಡು ನಿಮಿಷ ಮಾತಾಡಿ.

ಮಂಡ್ಯದ ಆ ತಾಯಿಗೆ ಎಂಡೋಸ್ಕೋಪಿ ಮಾಡಿದೆ. ಅನ್ನನಾಳದ ಕೆಳತುದಿ ಕಲೆಗಟ್ಟಿ ಕಿರಿದಾಗಿತ್ತು, ಕೊಳವೆ ದಾಟಲಿಲ್ಲ. ತೆಗೆದ ಚೂರುಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ವರ್ಷಗಟ್ಟಲೆ ಆಮ್ಲ ಸುಟ್ಟು ಮಾಡಿದ ಗಾಯದ ಕಲೆ. ಬಲೂನು ಇಳಿಸಿ, ಸ್ವಲ್ಪ ಸ್ವಲ್ಪವಾಗಿ, ಮೂರು ಸಲ ಹಿಗ್ಗಿಸಿದೆವು, ಗುಳಿಗೆಯನ್ನು ಸರಿಯಾದ ಹೊತ್ತಿಗೆ, ನಿಲ್ಲಿಸದೆ, ಕೊಟ್ಟೆವು. ಕೊನೆಯ ಸಲ ಬಂದಾಗ, ತುತ್ತು ನಿಲ್ಲುತ್ತದೆ ಅಂತ ಮೊದಲೇ ಯಾಕೆ ಯಾರಿಗೂ ಹೇಳಲಿಲ್ಲವಮ್ಮ ಎಂದು ಕೇಳಿದೆ.

"ಎದೆ ಉರೀತದಾ ಅಂತ ಎಲ್ಲಾರೂ ಕೇಳಿದ್ರು ಕಣಪ್ಪ. ಮುದ್ದೆ ಉಣ್ತೀಯಾ ಅಂತ ಯಾರೂ ಕೇಳ್ನಿಲ್ಲ" ಎಂದರು.